ಕೌದಿಯೊಳಗಿನ ಪಾತರಗಿತ್ತಿ

ನಮ್ಮ ಯಲಬುರ್ಗಾ ಕಡೆ ಮಳಿಗೆ ಬರ ಬಂದೀತು, ಮಕ್ಕಳಿದ್ದಲ್ಲಿ ನಗಿಗೆ ಬರ ಬರಂಗಿಲ್ಲ. ಸಾಲಿ ಬಾಜೂಕ ಎರಡು ಖೋಲಿಯ ಪಾತರಗಿತ್ತಿ ಮನಿ ಐತಿ. ಹುಳ ಹೆಂಗ ರೆಕ್ಕಿ ಪಡೀತೈತಿ, ಏನನ್ನೂ ಹಾಳು ಮಾಡದ ಹೆಂಗ ಬಾಳಬೇಕು ಅನ್ನೋದನ್ನ ಮಕ್ಕಳು ಮುಟ್ಟಿ, ಆಡಿ ಕಲೀತಾವ. ನಾನು ಅಲ್ಲಿ ಕಸ ಹೊಡೀತೀನಿ, ಗಿಡಕ್ಕ ನೀರು ಹಾಕ್ತೀನಿ. ಬಾಗಲದ ಮ್ಯಾಲೆ ‘ಮುಟ್ಟಿ ನೋಡಿ’ ಅಂತ ಬರದಾರಂತ. ಕೆಳಗ ‘ಮಕ್ಕಳಿಗೆ ಮಾತ್ರ’ ಅಂತನೂ ಐತಂತ. ಒಂದು ಹುಡುಗಿ ಓದಿ ಹೇಳಿತು.

ಸಣ್ಣಾಕಿದ್ದಾಗ ತಮ್ಮನ್ನ ಬಗಲಾಗ ಎತ್ತಿಕೊಂಡು ಸಾಲಿ ಕಿಡಕ್ಯಾಗ ನಿಂತು ಮಗ್ಗಿ ಕೇಳತಿದ್ದೆ. ಒಳಗ ಕೂಡ್ರೋ ಪಾಳಿ ಬರಲೇ ಇಲ್ಲ. ಈಗ ಒಳಗ ಬಂದೀನಿ, ಕೈಯಾಗ ಕಸಬರಿಗಿ ಐತಿ.

ಹುಳದ ಊಟ

ಅಂಗಳದಾಗ ನಿಂಬಿ, ಕರಿಬೇವು, ಎಕ್ಕಿ ಗಿಡ ಹಚ್ಚೇವಿ. ಒಮ್ಮೆ ಕುಷ್ಟಗಿ ಕಡಿಂದ ರುಮಾಲು ಸುತ್ತಿದ ಅಜ್ಜ ಒಬ್ಬರು ಮೊಮ್ಮಗನ್ನ ಕರಕೊಂಡು ಬಂದಿದ್ರು. ದಾಳಿಂಬ್ರಿ ತ್ವಾಟ ಮಾಡೋರು. ನಿಂಬಿ ಎಲಿ ಮ್ಯಾಲೆ ಹುಳ ಕಂಡಿದ್ದೇ ತಡ, ನನ್ನ ಕರದ್ರು.

“ಯವ್ವಾ, ಗಿಡ ಬೋಳಾಗಾಕತ್ತೈತಿ, ಹುಳ ಸಾಯೂ ಎಣ್ಣಿ ಹೊಡಸಬಾರದೇನು?”

ಈ ಗಿಡ ಹಚ್ಚಿದ್ದೇ ಹುಳ ತಿನ್ನಲಿ ಅಂತ, ತಿಂದ್ರನ ಪಾತರಗಿತ್ತಿ ಆಗೋದು ಅಂತ ಹೇಳಿದೆ. ಅಜ್ಜಾರು ನನ್ನ ಮಾರಿ ನೋಡಿದ್ರು, ಹುಳದ ಮಾರಿ ನೋಡಿದ್ರು. ಹೊಂಟಾಗ ಮೆಲ್ಲಕ ಅಂದ್ರು:

“ನಮ್ಮ ತ್ವಾಟದ ಹುಳಕ್ಕ ಯಾರರ ಈ ವಿಳಾಸ ಹೇಳ್ರಿ ಯವ್ವಾ.”

ಒಂದ ಸೀರಿ

ಹಳೇ ಅರಿವಿ ಕಸಕ್ಕ ಚೆಲ್ಲೂ ಮೊದಲು ಎರಡು ಸಲ ಆದ್ರೂ ಬ್ಯಾರೆ ಕೆಲಸಕ್ಕ ಬಳಸಬೇಕು ಅಂತ ಮಕ್ಕಳಿಗೆ ಕಲಸೋ ಮೇಡಮ್ಮಾರು ಹೇಳಾಕತ್ತಿದ್ರು. ಹೆಂಗ ಅಂತ ಮಕ್ಕಳನ್ನ ಕೇಳಿದ್ರು. ಬಾಗಲದಾಗ ನಿಂತಿದ್ದ ನನಗ ತಡಕೊಳ್ಳಾಕ ಆಗಲಿಲ್ಲ. ಸೀರಿ ಹರದ್ರ ಮಗಳಿಗೆ ಲಂಗ, ಲಂಗ ಹರದ್ರ ತೊಟ್ಟಲಕ್ಕ ಹಾಸಿಗಿ, ಆಮ್ಯಾಲೆ ತುಣುಕು ಕೂಡಿಸಿ ಹೊಲದ ಕೌದಿ, ಕೌದಿ ಹರದ್ರ ಗಡಿಗಿ ಇಳಸೋ ಮಸಿ ಅರಿವಿ, ಕಡೀಕ ಉಳದ ತುಣುಕು ದೀಪದ ಬತ್ತಿ ಅಂದೆ. ಮೇಡಮ್ಮಾರು ಎಲ್ಲಾ ಬರಕೊಂಡ್ರು. ಹಿಂದ ಕುಂತ ಹುಡುಗಿ ಕೈ ಎತ್ತಿತು.

“ಅಜ್ಜಿ, ಮತ್ತ ಹೊಸಾ ಸೀರಿ ಯಾವಾಗ ಉಡತಿದ್ರಿ?”

“ಬತ್ತಿ ಆರಿದ ಮ್ಯಾಲೆ,” ಅಂದೆ.

ರೆಕ್ಕಿ

ಆವತ್ತಿಂದ ಮೇಡಮ್ಮಾರ ಕಣ್ಣು ನನ್ನ ಕೌದಿ ಮ್ಯಾಲೆ ಬಿತ್ತು. ಹುಡುಗರು ಹಿಡಿಯೋವಷ್ಟು ಉದ್ದನ್ನ ಕೌದಿ ಗೂಡು ಹೊಲದು ಕೊಡ್ರಿ ಅಂದ್ರು. ಮಕ್ಕಳು ಒಂದು ಬಾಯಿಂದ ಹುಳ ಆಗಿ ತೆವಳಿ ಹೊಕ್ಕು, ಒಳಗಿದ್ದ ಅರಿವಿ ರೆಕ್ಕಿ ಕಟಗೊಂಡು, ಇನ್ನೊಂದು ಬಾಯಿಂದ ಪಾತರಗಿತ್ತಿ ಆಗಿ ಬರಬೇಕು. ನಮ್ಮವ್ವನ ಇಳಕಲ್ ಸೀರಿ ತುಣುಕನ್ನೂ ಸೇರಿಸಿ ಹೊಲದೆ. ದಿನಾ ಮಕ್ಕಳು ಹೊಕ್ಕು ಬರೋದು ನೋಡಿ ನೋಡಿ, ಒಮ್ಮೆರ ನಾನೂ ಹೋಗಬೇಕು ಅಂತ ಜೀವ ಎಳಿಯಾಕತ್ತಿತು. ಆದ್ರ ‘ಮಕ್ಕಳಿಗೆ ಮಾತ್ರ’.

ಒಂದಿನ ಕುಕನೂರಿಂದ ಬಂದ ಮಕ್ಕಳು ಊಟಕ್ಕ ಹೋಗಿದ್ವು. ಮೇಡಮ್ಮಾರೂ ಇರಲಿಲ್ಲ. ಕಸಬರಿಗಿ ಮೂಲ್ಯಾಗ ಇಟ್ಟು, ಆ ಕಡೆ ಈ ಕಡೆ ನೋಡಿ, ಹೊಕ್ಕೇಬಿಟ್ಟೆ. ಒಳಗ ಕತ್ತಲ, ಅವ್ವನ ಸೀರಿ ವಾಸನಿ. ಎರಡರ ಮಗ್ಗಿ ತಾನ ಬಾಯಿಗೆ ಬಂತು. ಎರಡೊಂದ್ಲ ಎರಡು. ರೆಕ್ಕಿ ಹೆಗಲಿಗೆ ಕಟಗೊಂಡು ಮುಂದ ಸರಿದ್ರ ನಡ ಸಿಕ್ಕೊಂಡಿತು. ಹತ್ತು ವರ್ಷದ ಕೂಸಿನ ಅಳತಿಗೆ ಹೊಲದಾಕಿ ನಾನ.

ಅಷ್ಟರಾಗ ಮಕ್ಕಳು ಬಂದ್ವು. ನಾಚಿಕಿ ಬಿಟ್ಟು, ಯಾರರ ಎಳೀರಿ ಅಂದೆ. ಒಬ್ಬಾಕಿ ಬಗ್ಗಿ ನೋಡಿ, “ಬ್ಯಾಡ್ರಿ ಅಜ್ಜಿ, ಎಳದ್ರ ರೆಕ್ಕಿ ಸೊಟ್ಟ ಆಗತಾವ. ಪಾತರಗಿತ್ತಿ ಗೂಡಿಂದ ತಾನ ಬರಬೇಕು ಅಂತ ಬೆಳಿಗ್ಗೆ ನೀವ ಹೇಳೀರಿ,” ಅಂದ್ಲು. ನಿಜ, ಹೇಳಿದ್ದೆ. ಎಲ್ಲಾ ಸುತ್ತ ಕುಂತು, ಉಸಿರು ಬಿಗಿಹಿಡದು ನೋಡಾಕತ್ತಿದ್ವು.

ಒದ್ದಾಡಿ ಒದ್ದಾಡಿ ಹೊರಗ ಬಂದೆ. ನೆರತ ತುರುಬು ಬಿಚ್ಚಿತ್ತು, ಒಂದು ರೆಕ್ಕಿ ಜೋತಿತ್ತು, ಎದುರಿಗೆ ಮೇಡಮ್ಮಾರು ನಿಂತಿದ್ರು. ಬೈತಾರ ಅಂತ ತಲಿ ಬಗ್ಗಿಸಿದೆ. ಅವರು ಸುಣ್ಣದಕಡ್ಡಿ ತಗೊಂಡು, ಎಳೀಬ್ಯಾಡ ಅಂದಿದ್ದ ಹುಡುಗಿ ಕೈಗೆ ಕೊಟ್ರು. ದಿನಾ ಗೂಡು ಒಡದು ಬಂದ ಪಾತರಗಿತ್ತಿ ಹೆಸರು, ಬಣ್ಣ, ಗೂಡಿನಾಗ ಎಷ್ಟು ದಿನ ಇತ್ತು ಅನ್ನೋ ಲೆಕ್ಕ ಕರಿಹಲಗಿ ಮ್ಯಾಲೆ ಬರಿಯೋದು ಅಲ್ಲಿ ಪದ್ಧತಿ. ಹುಡುಗಿ ನನ್ನ ಹೆಸರು ಕೇಳಿತು, ವಯಸ್ಸು ಕೇಳಿತು, ಬರೀತು. ಏನು ಬರದಿ, ಓದವ್ವಾ ಅಂದೆ.

ಮೊದಲು ನನ್ನ ಹೆಸರು ಓದಿತು. ಸಾಲಿ ಹಲಗಿ ಮ್ಯಾಲೆ ಅದು ಬಂದಿದ್ದು ಆವತ್ತ ಮೊದಲು. ಆಮ್ಯಾಲೆ ಓದಿತು:

“ಬಣ್ಣ, ಬಿಳಿ. ಗೂಡಿನಾಗ ಇದ್ದದ್ದು, ಅರವತ್ತೆಂಟು ವರ್ಷ.”