ಕಾರ್ ಶೆಡ್ಡಿನ ಖಾನದಾನಿ ಕುದುರೆ

ಮುತ್ತಜ್ಜನ ಹೆಸರು ಗೊತ್ತಿಲ್ಲದಿದ್ದರೆ ಮನುಷ್ಯನ ಜೀವನದಲ್ಲಿ ಯಾವ ತೊಂದರೆಯೂ ಆಗುವುದಿಲ್ಲ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ರೇಷನ್ ಕಾರ್ಡಿಗೆ ಅದು ಬೇಕಿಲ್ಲ, ಆಧಾರ್ ಕಾರ್ಡಿಗೂ ಬೇಕಿಲ್ಲ, ಬ್ಯಾಂಕಿನವರು ತಂದೆ-ತಾಯಿಯವರೆಗೆ ಬಂದು ಸುಮ್ಮನಾಗುತ್ತಾರೆ. ಕೇಳಿದವರು ಒಬ್ಬರೇ, ನನ್ನ ಮಾವನವರು, ಅದೂ ಲಗ್ನದ ಮಾತುಕತೆಯ ದಿನ. ಏಕಸಂಬಿಯಿಂದ ಜೀಪು ತುಂಬ ಜನರನ್ನು ಕರೆದುಕೊಂಡು ನಮ್ಮ ಚಿಕ್ಕೋಡಿಯ ಮನೆಗೆ ಬಂದಿದ್ದ ಅವರು ಅವಲಕ್ಕಿಯ ತಟ್ಟೆ ಕೆಳಗಿಟ್ಟು ನಮ್ಮ ಮನೆತನ ವಿಚಾರಿಸಿದರು. ನಾನು ಅಪ್ಪನ ಹೆಸರು ಹೇಳಿದೆ, ಅಜ್ಜನ ಹೆಸರು ಹೇಳಿದೆ, ಅಲ್ಲಿಂದ ಮುಂದೆ ಕೆಮ್ಮಿದೆ. ನಡುವೆ ಕೂತ ಹಿರಿಯರೊಬ್ಬರು, "ಇರ್ಲಿ ಬಿಡ್ರಿ ಗೌಡ್ರ, ಹುಡುಗ ದೊಡ್ಡ ಪರೀಕ್ಷಾಕ್ಕ ಓದಾಕತ್ತಾನ. ಮುಂದ ಸಾಹೇಬ ಆಗಾಂವ" ಎಂದು ಸಾವರಿಸಿದ್ದರಿಂದ ಬಚಾವಾದೆ. ಆ ಪರೀಕ್ಷೆಯ ಪುಸ್ತಕಗಳು ಈಗ ಅಟ್ಟದ ಮೇಲಿವೆ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತ ನೆಮ್ಮದಿಯಾಗಿಯೇ ಇದ್ದೆ. ಇದ್ದೆ ಎಂದು ಭೂತಕಾಲದಲ್ಲಿ ಹೇಳಲು ಕಾರಣ, ನನ್ನ ಕಾರ್ ಶೆಡ್ಡಿನಲ್ಲಿ ಈಗ ಒಂದು ಕುದುರೆ ನಿಂತಿದೆ. ಅದಕ್ಕೆ ತನ್ನ ಮುತ್ತಜ್ಜನ ಅಜ್ಜನ ಹೆಸರೂ ಗೊತ್ತು. ಗೊತ್ತು ಎನ್ನುವುದನ್ನು ಅದು ಮುಖದಲ್ಲಿ ತೋರಿಸುತ್ತದೆ ಕೂಡ.

ಈ ಕುದುರೆಯನ್ನು ತಂದವನು ನನ್ನ ಹೆಂಡತಿಯ ತಮ್ಮ ಬಾಳು. ನಮ್ಮ ಗಡಿಯ ಕಡೆ ಅಕ್ಕನ ಗಂಡನಿಗೆ ದಾಜಿ ಎನ್ನುವ ರೂಢಿಯಿದೆ. ಬಾಳು ಫೋನಿನಲ್ಲಿ "ದಾಜಿ" ಎಂದು ಎಳೆದು ಕರೆದನೆಂದರೆ ನನಗೆ ಏನೋ ಕಾದಿದೆ ಎಂದೇ ಅರ್ಥ. ಹಿಂದೊಮ್ಮೆ ಹಾಗೆ ಕರೆದು ದ್ರಾಕ್ಷಿ ತೋಟಕ್ಕೆ ಹೊಡೆಯುವ ಔಷಧದ ಪಂಪನ್ನು ನಮ್ಮ ಮನೆಯ ಹಾಲ್‌ನಲ್ಲಿ ಇಟ್ಟು ಹೋಗಿದ್ದ. ಬಂದ ನೆಂಟರೆಲ್ಲ ಅದನ್ನು ಹೊಸ ಮಾದರಿಯ ಏರ್ ಕೂಲರ್ ಎಂದುಕೊಂಡು ಅದರ ಮುಂದೆ ಕೂಡುತ್ತಿದ್ದರು. ಈ ಸಲ ಅವನು ಪುಣೆಯ ಕಡೆಯಿಂದ ಟೆಂಪೋದಲ್ಲಿ ನಿವೃತ್ತ ರೇಸ್ ಕುದುರೆಯನ್ನೇ ತಂದಿಳಿಸಿದ್ದ. ನಮ್ಮ ಕಡೆ ಎತ್ತಿನ ಗಾಡಿ, ಕುದುರೆ ಗಾಡಿಗಳ ಓಟದ ಪಂದ್ಯಕ್ಕೆ ಶರ್ಯತ್ತು ಎನ್ನುತ್ತಾರೆ. ಶರ್ಯತ್ತು ಎಂದರೆ ಊಟ ಬಿಟ್ಟು ಏಳುವ ಜನ ನಾವು. ದೊಡ್ಡ ಶಹರದಲ್ಲಿ ಓಡಿ ದಣಿದ ಕುದುರೆಗೆ ಇಲ್ಲಿ ಗಾಡಿ ಕಟ್ಟಿದರೆ ಊರಿನ ಕುದುರೆಗಳು ಧೂಳಿನಲ್ಲಿ ಕೆಮ್ಮುತ್ತ ನಿಲ್ಲುತ್ತವೆ ಎಂಬುದು ಬಾಳುವಿನ ಲೆಕ್ಕಾಚಾರ.

ಆದರೆ ಮಾವನವರು ಎತ್ತಿನ ಮನುಷ್ಯ. ಅವರ ಖಿಲಾರಿ ಎತ್ತುಗಳು ಗೆದ್ದ ಢಾಲುಗಳು ಏಕಸಂಬಿಯ ಮನೆಯ ಗೋಡೆ ತುಂಬ ಇವೆ. ಕುದುರೆಯ ಸುದ್ದಿ ಕೇಳಿದವರೇ ಅವರು ಆಜ್ಞೆ ಹೊರಡಿಸಿದರು: "ಗೆಲ್ಲಲಾರದ ಜನವಾರು ನನ್ನ ಎತ್ತಿನ ಕೊಟ್ಟಿಗ್ಯಾಗ ನಿಲ್ಲೂದಿಲ್ಲ. ಒಂದ್ ಶರ್ಯತ್ತ ಗೆದ್ದು ಬರ್ಲಿ, ಬಾಜಾ-ಬಜಂತ್ರಿ ಹಚ್ಚಿ ನಾನ ಕರ್ಕೊಂಡ ಹೋಗ್ತೇನಿ. ಅಲ್ಲೀತನಾ ಎಲ್ಲಿ ಬೇಕಾದಲ್ಲಿ ಕಟ್ಕೋ." ಎಲ್ಲಿ ಬೇಕಾದಲ್ಲಿ ಎಂದರೆ ಅವರ ಮನೆತನದ ಪರಿಭಾಷೆಯಲ್ಲಿ ಚಿಕ್ಕೋಡಿಯ ಅಳಿಯನ ಮನೆ. ಹೀಗೆ ನನ್ನ ಕಾರು ಬೇವಿನ ಮರದ ಕೆಳಗೆ ಹೋಯಿತು, ಕುದುರೆ ಶೆಡ್ಡಿಗೆ ಬಂತು. ಬೇವಿನ ಮರದ ಮೇಲೆ ಇಡೀ ಓಣಿಯ ಕಾಗೆಗಳು ವಾಸವಾಗಿವೆ ಎಂಬುದು ನನಗೆ ಆಗ ತಿಳಿಯಿತು. ಬೆಳಿಗ್ಗೆ ಕಾರು ಒರೆಸಿ ನಾನು ಶಾಲೆಗೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. ಆದ್ದರಿಂದ ಈ ಕುದುರೆ ಗೆಲ್ಲಬೇಕೆಂದು ಬಾಳುವಿಗಿಂತ ಹೆಚ್ಚು ಬಯಸಿದವನು ನಾನು. ಗೆದ್ದರೆ ಅದು ಏಕಸಂಬಿಗೆ, ಸೋತರೆ ನನ್ನ ಶೆಡ್ಡಿಗೆ.

ಕುದುರೆಯ ಹೆಸರು ವೆಲ್ವೆಟ್ ಆರ್ಗ್ಯುಮೆಂಟ್. ಅದಕ್ಕೆ ಈ ಹೆಸರು ಯಾಕೆ ಇಟ್ಟರೋ, ಇಟ್ಟವರಿಗೂ ಗೊತ್ತಿರಲಿಕ್ಕಿಲ್ಲ. ನಮ್ಮ ಓಣಿಯವರು ಎರಡು ದಿನ ಪ್ರಯತ್ನಿಸಿ ಕೊನೆಗೆ 'ಸಾಹೇಬ' ಎಂದು ಕರೆಯತೊಡಗಿದರು. ಲಗ್ನದ ಮಾತಿನಲ್ಲಿ ನನಗೆ ಮೀಸಲಾಗಿದ್ದ ಪದವಿ ಹೀಗೆ ಕುದುರೆಗೆ ಹೋಯಿತು. ಜೊತೆಗೆ ಬಂದಿದ್ದ ವಂಶಾವಳಿಯ ಪತ್ರವನ್ನು ಓದಿ ಹೇಳುವ ಕೆಲಸ ಇಂಗ್ಲಿಷ್ ಮಾಸ್ತರನಾದ ನನ್ನ ಪಾಲಿಗೆ ಬಂತು. ತಂದೆ ಸುಲ್ತಾನ್ಸ್ ಆನ್ಸರ್, ತಾಯಿ ನೋ ಹರ್ರಿ ಮೇಡಂ. ತಾಯಿಯ ತಂದೆ ಐರ್ಲೆಂಡಿನವನು. ಅವನ ಅಜ್ಜ ಫ್ರಾನ್ಸಿನಲ್ಲಿ ಹೆಸರು ಮಾಡಿದವನು. ಮಾವನವರು ಆ ದಿನ ಮಗಳನ್ನು ನೋಡುವ ನೆಪದಲ್ಲಿ ಬಂದು, ಕುದುರೆಯ ಕಡೆ ಬೆನ್ನು ಮಾಡಿ ಕೂತು, ಕಿವಿ ಮಾತ್ರ ನನ್ನ ಕಡೆ ಇಟ್ಟಿದ್ದರು. ತಂದೆಯ ಕಡೆಯ ಮುತ್ತಜ್ಜನೂ ತಾಯಿಯ ಕಡೆಯ ಮುತ್ತಜ್ಜನೂ ಒಂದೇ ಕುದುರೆ ಎಂದು ನಾನು ಓದಿದಾಗ ಅವರಿಗೆ ತಡೆಯಲಾಗಲಿಲ್ಲ.

"ಅಂದ್ರ? ಒಂದ ಬೆಡಗಿನ್ಯಾಗ ಲಗ್ನ ಮಾಡ್ಯಾರೇನ್ರಿ?" ಎಂದು ತಿರುಗಿ ಕೂತರು. ನಮ್ಮಲ್ಲಿ ಗಂಡು ಹೆಣ್ಣು ಒಂದೇ ಬೆಡಗಿನವರಾದರೆ ಅಣ್ಣ ತಂಗಿಯ ಲೆಕ್ಕ, ಲಗ್ನದ ಮಾತೇ ಇಲ್ಲ.

"ಇಂಗ್ಲಿಷ್‌ನವರ ಪದ್ಧತಿ ಹಂಗರೀ ಮಾವಾರ. ರಕ್ತ ಗಟ್ಟಿ ಆಗ್ಲಿ ಅಂತ ಮಾಡ್ತಾರ" ಎಂದೆ.

"ಮಾಡ್ತಾರ ಅಂತ ಮಾಡೂದ? ಹಿರ್ಯಾರು ಯಾರೂ ಇರ್ಲಿಲ್ಲೇನು ಆ ಮನ್ಯಾಗ?"

ಒಳಗಿನಿಂದ ನನ್ನ ಹೆಂಡತಿ ಮಹಾದೇವಿ ಕುದುರೆಯ ಪರವಾಗಿ ವಕೀಲಿಗೆ ಬಂದಳು. "ಯಪ್ಪಾ, ಸ್ವಾದರಿಕಿ ಸಂಬಂಧ ಇರ್ತೈತಿ ಬಿಡು. ನಿನ್ನ ತಂಗೀನ್ನ ನಮ್ಮವ್ವನ ತಮ್ಮಗ ಕೊಟ್ಟಿಲ್ಲೇನು?" ಮಾವನವರು ಬೆರಳು ಮಡಚಿ ಲೆಕ್ಕ ಹಾಕಿ, ಸ್ವಾದರಿಕಿ, ಅಂದರೆ ಸೋದರಮಾವ-ಸೋದರತ್ತೆಯ ಕಡೆಯ ಸಂಬಂಧವಾದರೆ ಅಡ್ಡಿಯಿಲ್ಲ ಎಂದು ಒಪ್ಪಿಕೊಂಡರು. ಆಮೇಲೆ ನನ್ನ ಕಡೆ ಒಮ್ಮೆ, ಕುದುರೆಯ ಕಡೆ ಒಮ್ಮೆ ನೋಡಿ, "ಏನರ ಅನ್ರಿ, ಐದ್ ತಲಿಮಾರಿನ ಹೆಸರು ಹೇಳತೈತಿ" ಎಂದರು. ನಾನು ಪತ್ರ ಮಡಚಿ ಒಳಗೆ ಹೋಗಿ ನೀರು ಕುಡಿದೆ.

ಇನ್ನು ಅದರ ಓಟದ ಚರಿತ್ರೆ. ವೆಲ್ವೆಟ್ ಆರ್ಗ್ಯುಮೆಂಟ್ ಸಣ್ಣ ಓಟದ ಸರದಾರ. ಒಂದು ಕಿಲೋಮೀಟರಿನ ಒಳಗೆ ಅದನ್ನು ಹಿಂದೆ ಹಾಕಿದ ಕುದುರೆ ಆ ಕಾಲಕ್ಕೆ ಇರಲಿಲ್ಲವಂತೆ. ಒಮ್ಮೆ ಮಾಲೀಕರಿಗೆ ಆಸೆ ಹೆಚ್ಚಾಗಿ ದೂರದ ಓಟಕ್ಕೆ ಇಳಿಸಿದರು. ಅದು ಒಂದು ಕಿಲೋಮೀಟರಿನ ತನಕ ಎಲ್ಲರಿಗಿಂತ ಮುಂದೆ ಓಡಿ, ತನ್ನ ಕೆಲಸ ಮುಗಿಯಿತೆಂದು ತಿಳಿದು, ಉಳಿದ ದಾರಿಯನ್ನು ಸುತ್ತಲಿನ ಗಿಡಮರ ನೋಡುತ್ತ ನಡೆದು ಬಂತು. ಅದರ ಜೊತೆ ಬಂದ ಆಲ್ಬಮ್ಮಿನಲ್ಲಿ ಎಲ್ಲ ಗೆಲುವಿನ ಫೋಟೋಗಳೂ ಇದ್ದವು. ಎಲ್ಲವೂ ಒಂದೇ ನಮೂನೆ: ಕೊರಳಲ್ಲಿ ಹಾರ, ಬೆನ್ನ ಮೇಲೆ ಒಂದು ಬಣ್ಣದ ಬಟ್ಟೆ, ಪಕ್ಕದಲ್ಲಿ ಟೊಪ್ಪಿಗೆ ಹಾಕಿದ ಮಾಲೀಕ, ನಡುವೆ ಕುದುರೆಯ ಗಂಭೀರ ಮುಖ.

ಈಗ ಒಂದು ಸಂಗತಿ ಹೇಳಬೇಕು. ಆಗ ನಮಗೆ ಅದು ಸಂಗತಿ ಎನಿಸಿರಲಿಲ್ಲ. ಕುದುರೆ ಟೆಂಪೋದಿಂದ ಇಳಿದ ದಿನ ಮಹಾದೇವಿ ಆರತಿ ಎತ್ತಿ ಚೆಂಡುಹೂವಿನ ಹಾರ ಹಾಕಿದಳು. ಬಾಳು ಮೊಬೈಲಿನಲ್ಲಿ ಫೋಟೋ ತೆಗೆದ. ಅಲ್ಲಿಯತನಕ ಕಿವಿ ನಿಗುರಿಸಿ ಕುಣಿಯುತ್ತಿದ್ದ ಕುದುರೆ ತಟ್ಟನೆ ಶಾಂತವಾಗಿ, ಯಾರೂ ಹಿಡಿಯದೆ ತಾನೇ ಶೆಡ್ಡಿನೊಳಗೆ ಹೋಗಿ, ಮೈ ತೊಳೆಯಲು ಯಾರು ಬರುತ್ತೀರಿ ಎಂಬಂತೆ ಕತ್ತು ಹೊರಳಿಸಿ ನೋಡಿತು. "ಎಷ್ಟ್ ಸಂಸ್ಕಾರ ನೋಡ್ರಿ ಇದಕ್ಕ!" ಎಂದು ಮಹಾದೇವಿ ಕಣ್ಣೊರೆಸಿಕೊಂಡಳು. ಪ್ರತಿ ಸೋಮವಾರ ಪೂಜೆ ಮಾಡಿ ಹಾರ ಹಾಕಿದಾಗಲೂ ಹೀಗೇ ಆಗುತ್ತಿತ್ತು. ನಾವು ಪ್ರತಿ ಸೋಮವಾರವೂ ಅದರ ಖಾನದಾನವನ್ನು ಹೊಗಳಿ ಬಕೆಟ್ ಹಿಡಿದು ಹೋಗುತ್ತಿದ್ದೆವು.

ಶರ್ಯತ್ತು ಗೊತ್ತಾದದ್ದು ಅಂಕಲಿಯ ಹತ್ತಿರದ ಮಡ್ಡಿಯ ಬಯಲಿನಲ್ಲಿ, ಒಂಟಿ ಕುದುರೆಯ ಗಾಡಿಗಳ ಓಟ. ಕಾಲುವೆಯ ತನಕ ಮಾತ್ರ, ಅಂದರೆ ನಮ್ಮ ಸಾಹೇಬನ ಅಳತೆಗೇ ಹೊಲಿಸಿದ ದೂರ. ಬಾಳು ದಿನಾ ನಸುಕಿನಲ್ಲಿ ಹಗುರ ಗಾಡಿ ಕಟ್ಟಿ ಓಡಿಸುತ್ತಿದ್ದ. ಒಂದು ದಿನ ಬೆನ್ನು ಹತ್ತಿದ ಹಾಲಿನವನ ಮೋಟಾರ್ ಸೈಕಲ್ ಹಿಂದೆ ಬಿತ್ತು, ಕ್ಯಾನುಗಳಲ್ಲಿದ್ದ ಹಾಲು ಅರ್ಧ ಬೆಣ್ಣೆಯಾಗಿತ್ತು ಎಂದು ಆ ಹಾಲಿನವನೇ ಹೇಳಿದ. ನಾನು ಮನಸ್ಸಿನಲ್ಲೇ ಶೆಡ್ಡಿಗೆ ಸುಣ್ಣ ಬಳಿಸಿ ಕಾರು ಒಳಗೆ ತಂದು ನಿಲ್ಲಿಸಿಯೂ ಆಗಿತ್ತು.

ಶರ್ಯತ್ತಿನ ದಿನ ಮಡ್ಡಿಯ ಮೇಲೆ ಪೆಂಡಾಲು, ಮೈಕು, ಸಾಲಾಗಿ ಕುರ್ಚಿ. ಮಾವನವರು ಮೊದಲ ಸಾಲಿನಲ್ಲಿ, ಬಜಂತ್ರಿಯವರಿಗೆ ಮುಂಗಡ ಕೊಟ್ಟಿಟ್ಟು, ಕೊಟ್ಟಿಲ್ಲದವರ ಹಾಗೆ ಕೂತಿದ್ದರು. ಏಳೆಂಟು ಗಾಡಿಗಳು ಬಂದಿದ್ದವು. ಸತ್ತಿ ಊರಿನ ಕಡೆಯ ಒಂದು ಹೆಣ್ಣು ಕುದುರೆಯೂ ಇತ್ತು. ವಾರವೆಲ್ಲ ಸಂತೆಗೆ ಬದನೆಕಾಯಿ ಸಾಗಿಸಿ, ರಜೆ ಸಿಕ್ಕಾಗ ಶರ್ಯತ್ತಿಗೆ ಬರುವಂಥದ್ದು. ಅದರ ಅಪ್ಪ ಯಾರೆಂದು ಅದರ ಮಾಲೀಕನಿಗೂ ತಿಳಿದಿರಲಿಲ್ಲ. ನನಗೆ ಅದರ ಮೇಲೆ ಒಂದು ನಮೂನೆಯ ಅಂತಃಕರಣ ಹುಟ್ಟಿತು.

ನಮ್ಮ ಕಡೆ ಯಾವ ಕಾರ್ಯಕ್ರಮವೂ ಸತ್ಕಾರವಿಲ್ಲದೆ ಶುರುವಾಗುವುದಿಲ್ಲ. ಬೋರ್‌ವೆಲ್ ಕೊರೆಯುವ ಮೊದಲು ಲಾರಿಯವನಿಗೆ ಶಾಲು ಹೊದಿಸಿದ್ದನ್ನು ನಾನು ನೋಡಿದ್ದೇನೆ. ನೀರು ಬೀಳಲಿಲ್ಲ, ಆ ಮಾತು ಬೇರೆ. ಪರದೇಶದ ರಕ್ತದ ಕುದುರೆ ಮಡ್ಡಿಗೆ ಬಂದಿದೆಯೆಂದರೆ ಬಿಡುತ್ತಾರೆಯೇ? ಊರಿನ ತರುಣ ಮಂಡಳಿಯವರು ಅದನ್ನು ಗಾಡಿಯ ಸಮೇತ ವೇದಿಕೆಯ ಮುಂದೆ ನಿಲ್ಲಿಸಿ, "ಈಗ ಸರ್ ಅವರು ಕುದುರೆಯ ಪರಿಚಯ ಮಾಡಿಕೊಡುತ್ತಾರೆ" ಎಂದು ಮೈಕನ್ನು ನನ್ನ ಕೈಗೆ ಕೊಟ್ಟರು. ಮೈಕು ಹಿಡಿದ ಮಾಸ್ತರ ಬೇಗ ಬಿಡುವುದಿಲ್ಲ. ತಂದೆ, ತಾಯಿ, ಐರ್ಲೆಂಡ್, ಫ್ರಾನ್ಸ್ ಎಲ್ಲ ಹೇಳಿದೆ. ಒಬ್ಬೊಬ್ಬ ಪೂರ್ವಜನಿಗೂ ಚಪ್ಪಾಳೆ ಬಿತ್ತು. ಆ ಉತ್ಸಾಹದಲ್ಲಿ ವೇದಿಕೆಯ ಮೇಲಿದ್ದ ಗಣ್ಯರು ಒಬ್ಬರಾದ ಮೇಲೊಬ್ಬರು ಇಳಿದು ಬಂದು ಕುದುರೆಗೆ ಹಾರ ಹಾಕಿದರು. ಒಬ್ಬರು ಬೆನ್ನಿಗೆ ಶಾಲು ಹೊದಿಸಿದರು, ಒಬ್ಬರು ಹಣೆಗೆ ಭಂಡಾರ ಹಚ್ಚಿದರು. ಇನ್ನೊಬ್ಬರು ಕೆಂಪು ಫೇಟಾ ತಂದು, ಎರಡು ಕಿವಿಗಳ ನಡುವೆ ಅದನ್ನು ಹೇಗೆ ಕೂರಿಸುವುದೆಂದು ನಾಲ್ವರ ಸಲಹೆ ಕೇಳಿ, ಕೊನೆಗೆ ಕಟ್ಟಿಯೇ ಬಿಟ್ಟರು. ಆಮೇಲೆ ಫೋಟೋ. ಮಾವನವರು ಬೇಡ ಬೇಡ ಎನ್ನುತ್ತ ಟೊಪ್ಪಿಗೆ ಸರಿಮಾಡಿಕೊಂಡು ಕುದುರೆಯ ಪಕ್ಕಕ್ಕೇ ಬಂದು ನಿಂತರು.

ಕುದುರೆಯ ಮುಖದಲ್ಲಿ ಆಲ್ಬಮ್ಮಿನ ಗಾಂಭೀರ್ಯ ಮೂಡಿದ್ದನ್ನು ನಾನು ಕಂಡೆ. ಸೋಮವಾರದ ಬಕೆಟ್ಟು ನೆನಪಾಯಿತು. "ಬಾಳು, ಹಾರ ತಗೀಲೇ, ಲಗೂನ ತಗಿ!" ಎಂದು ಕೂಗಿದೆ. ಮೈಕು ಇನ್ನೂ ನನ್ನ ಕೈಯಲ್ಲೇ ಇದ್ದುದರಿಂದ ಇಡೀ ಮಡ್ಡಿ ಕೇಳಿತು. ಹಾರ ಹಾಕಿದ ಗಣ್ಯರು ನನ್ನನ್ನು ಕೆಕ್ಕರಿಸಿ ನೋಡಿದರು. ಅಷ್ಟರಲ್ಲಿ ಗಾಡಿಗಳು ಸಾಲಿಗೆ ನಿಂತವು, ನಿಶಾನೆ ಬಿತ್ತು.

ಉಳಿದ ಗಾಡಿಗಳೆಲ್ಲ ಧೂಳೆಬ್ಬಿಸಿ ಕಾಲುವೆಯ ಕಡೆ ಹಾರಿದವು. ನಮ್ಮ ಸಾಹೇಬ ಅವುಗಳನ್ನು ದೊಡ್ಡವರು ಚಿಕ್ಕವರನ್ನು ನೋಡುವಂತೆ ನೋಡಿ, ಗಾಡಿಯ ಸಮೇತ ನಿಧಾನವಾಗಿ ಹಿಂದಕ್ಕೆ ತಿರುಗಿತು. ಬಾಳು ಲಗಾಮು ಜಗ್ಗಿದ, ಬೈದ, ಕೈಮುಗಿದ. "ಓಡೋ ಯಪ್ಪಾ, ನಿಮ್ಮ ಫ್ರಾನ್ಸಿನ ಅಜ್ಜನ ಆಣಿ ಐತಿ!" ಎಂದು ಅತ್ತೇಬಿಟ್ಟ. ಕುದುರೆ ಜನರ ನಡುವೆ ದಾರಿ ಮಾಡಿಕೊಂಡು ಪೆಂಡಾಲಿನ ಹಿಂದಿದ್ದ ನೀರಿನ ಟ್ಯಾಂಕರ್ ಹತ್ತಿರ ಹೋಗಿ ನಿಂತು, ಮೈ ತೊಳೆಯುವವರು ಎಲ್ಲಿ ಎಂದು ಕತ್ತು ಹೊರಳಿಸಿತು. ಶಹರದಲ್ಲಿ ಹಾರ, ಶಾಲು, ಫೋಟೋ ಎಲ್ಲ ಓಡಿ ಗೆದ್ದ ಮೇಲೆ, ಅದೆಲ್ಲ ಆದ ಮೇಲೆ ಮೈ ತೊಳೆಯುವುದು. ನಾವು ಎಲ್ಲವನ್ನೂ ಮೊದಲೇ ಮುಗಿಸಿದ್ದೆವು. ಅದರ ಪ್ರಕಾರ ಅದು ಗೆದ್ದಾಗಿತ್ತು.

ಗೆದ್ದದ್ದು ಸತ್ತಿಯ ಬದನೆಕಾಯಿ ಕುದುರೆ. ಅದಕ್ಕೆ ಹಾಕಲು ತಟ್ಟೆಯಲ್ಲಿ ಒಂದು ಹಾರವೂ ಉಳಿದಿರಲಿಲ್ಲ. ಮಂಡಳಿಯವರು ಟ್ಯಾಂಕರ್ ಹತ್ತಿರ ಬಂದು, ನಮ್ಮ ಕುದುರೆಯ ಕೊರಳಿನಿಂದ ಎರಡು ಹಾರ ಇಸಿದುಕೊಂಡು ಹೋದರು. ಬಜಂತ್ರಿಯವರು ಮುಂಗಡ ಪಡೆದಿದ್ದ ಋಣಕ್ಕೆ ಗೆದ್ದ ಆ ಕುದುರೆಯ ಮುಂದೆಯೇ ಬಾರಿಸಿದರು.

ನಾನು ಮಾವನವರ ಹತ್ತಿರ ಹೋದೆ. ಬೈಗಳು ತಿನ್ನಲು ಸಿದ್ಧನಾಗಿದ್ದೆ. ಹೇಗಾದರೂ ಮಾಡಿ ಶೆಡ್ಡು ಉಳಿಸಿಕೊಳ್ಳಬೇಕಿತ್ತು. "ಮಾವಾರ, ತಪ್ಪು ಕುದರೀದಲ್ಲರಿ. ಹಾರ ಹಾಕಿದ ಮ್ಯಾಲ ಓಡೂ ರೂಢಿ ಅದಕ್ಕ ಇಲ್ಲ. ಮುಂದಿನ ಶರ್ಯತ್ತ ಗ್ಯಾರಂಟಿ ಗೆಲ್ತೈತಿ. ಈಗ ಏಕಸಂಬಿಗೆ..." ಎಂದು ರಾಗ ತೆಗೆದೆ.

ಮಾವನವರು ಸಿಟ್ಟಾಗಲಿಲ್ಲ. ಟ್ಯಾಂಕರಿನ ಪಕ್ಕದಲ್ಲಿ ಫೇಟಾ ಕಟ್ಟಿಕೊಂಡು ನಿಂತ ಕುದುರೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರಿಗೆ ಏನೋ ಹೊಳೆದದ್ದು ಮೀಸೆಯ ತುದಿಯಲ್ಲೇ ಕಾಣಿಸಿತು.

"ಅದರದು ಏನೂ ತಪ್ಪಿಲ್ಲ ಬಿಡ್ರಿ ಅಳಿಯಂದ್ರ" ಎಂದರು ಮೃದುವಾಗಿ. "ನಿಮಗೂ ನಾವು ಲಗ್ನದಾಗ ಫೇಟಾ ಸುತ್ತಿ, ಹಾರ ಹಾಕಿ, ಫೋಟೋ ತಗಸಿದ್ವಿ. ಮುಂದ ಸಾಹೇಬ ಆಗಾಂವ ಅಂದಿದ್ರು. ಆಮ್ಯಾಲ ನೀವರ ಎಲ್ಲಿ ಓಡೀರಿ? ನಿಮ್ಮಲ್ಲೇ ಇರ್ಲಿ ಅದು. ಇಬ್ಬರಿಗೂ ಹೊಂದತೈತಿ."

ಸುತ್ತಲಿದ್ದವರು ನಕ್ಕರು. ಬಾಳು ಕೂಡ ಅಳುವುದನ್ನು ಬಿಟ್ಟು ನಕ್ಕ. ನಾನೂ ನಕ್ಕೆ, ಆದರೆ ಹೇಳುವುದಕ್ಕೇನು, ಮಾತು ಚುಚ್ಚಿತು.

ಮನೆಗೆ ಬಂದಾಗ ಮಹಾದೇವಿ ನಡೆದದ್ದನ್ನೆಲ್ಲ ಫೋನಿನಲ್ಲಿ ಮೊದಲೇ ಕೇಳಿ ಮುಗಿಸಿದ್ದಳು. ಕುದುರೆ ನೇರ ಶೆಡ್ಡಿಗೆ ಹೋಗಿ ಕತ್ತು ಹೊರಳಿಸಿತು. ನಾನು ಕಟ್ಟೆಯ ಮೇಲೆ ಕೂತು ಅಡುಗೆಮನೆಯ ಕಡೆ ಕತ್ತು ಹೊರಳಿಸಿದೆ. ಅವಳು ಬಕೆಟ್ ಎತ್ತಿಕೊಂಡು ನನ್ನ ಮುಂದೆಯೇ ಹಾದು ಹೋಗುತ್ತ, "ನಿಮಗ ಆಮ್ಯಾಲ ಚಾ ಮಾಡ್ತೇನಿ, ತಡೀರಿ. ಅದು ದಣದ ಬಂದೈತಿ" ಎಂದಳು. ಎಲ್ಲಿ ದಣಿದಿದೆ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಆ ಪ್ರಶ್ನೆ ತಿರುಗಿ ನನಗೇ ಬರುವ ಸಂಭವವಿತ್ತು.

ಒಳಗೆ ಹೋಗಿ ಗೋಡೆಯ ಮೇಲಿನ ನಮ್ಮ ಲಗ್ನದ ಫೋಟೋ ನೋಡಿದೆ. ಕೆಂಪು ಫೇಟಾ, ಮೊಣಕಾಲಿನ ತನಕ ಹಾರ, ಹೆಗಲ ಮೇಲೆ ಶಾಲು, ಎಲ್ಲ ಗೆದ್ದು ಮುಗಿಸಿದವನ ಗಂಭೀರ ಮುಖ. ಕುದುರೆಯ ಆಲ್ಬಮ್ಮನ್ನು ತಂದು ಪಕ್ಕಕ್ಕೆ ಹಿಡಿದೆ. ಮುಖ ಎರಡೂ ಒಂದೇ. ಆದರೆ ಆಲ್ಬಮ್ಮಿನಲ್ಲಿರುವುದು ಹಾರ ಹಾಕಿಸಿಕೊಳ್ಳುವ ಮೊದಲು ಒಂದು ಕಿಲೋಮೀಟರಾದರೂ ಓಡಿ ಬಂದಿತ್ತು.