ಭಾಮೈದನ ಜೊತೆ ದೇವರು ಆಡಿದ ಮಾತು

ದೇವರು ನನ್ನ ಜೊತೆ ಇದುವರೆಗೆ ಒಂದು ಮಾತೂ ಆಡಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಹೊಸಪೇಟೆಯ ನಮ್ಮ ಸಣ್ಣ ಕ್ರೈಸ್ತ ಸಭೆಯಲ್ಲಿ ಆತ ಮಾತಾಡಿಸದೆ ಬಿಟ್ಟವರು ಬಹುಶಃ ಇಬ್ಬರೇ: ನಾನು ಮತ್ತು ನಮ್ಮ ಪಾದ್ರಿಗಳಾದ ಅಯ್ಯನವರು. ಪಾಪ, ಅಯ್ಯನವರು ಪ್ರತಿ ಶನಿವಾರ ಪುಸ್ತಕ ಹರಡಿಕೊಂಡು ಭಾನುವಾರದ ಆರಾಧನೆಗೆ ಪ್ರಸಂಗ ಬರೆಯುತ್ತಾರೆ. ಉಳಿದವರಿಗೆ ಆ ಕಷ್ಟವಿಲ್ಲ. ಒಬ್ಬರಿಗೆ ಗೇಟಿಗೆ ಯಾವ ಬಣ್ಣ ಹೊಡೆಸಬೇಕೆಂದು ಅಪ್ಪಣೆಯಾಗಿದೆ. ಇನ್ನೊಬ್ಬರಿಗೆ ನಾದಿನಿಯ ಮನೆಗೆ ಹೋಗಬೇಡವೆಂದು ಸ್ಪಷ್ಟವಾಗಿ ತಿಳಿಸಲಾಗಿದೆ.

ನಾನು ಸಂಡೂರಿನ ಗಣಿಯೊಂದರ ಕಾಟಾದಲ್ಲಿ, ಅಂದರೆ ಅದಿರಿನ ಲಾರಿ ತೂಗುವ ಜಾಗದಲ್ಲಿ, ಗುಮಾಸ್ತ. ದಿನಾ ಬಸ್ಸಿನಲ್ಲಿ ಹೋಗಿಬರುವಾಗ ಸತ್ಯವೇದ ಓದುತ್ತೇನೆ. ಓದಿದಷ್ಟೂ ಒಂದು ಗೊಂದಲ. ದೇವರು ಎಲ್ಲ ಬಲ್ಲವನು. ಆದರೂ ಆತ ಕೇಳುವಷ್ಟು ಪ್ರಶ್ನೆಗಳನ್ನು ನಮ್ಮ ಬ್ಯಾಂಕಿನವರೂ ಕೇಳುವುದಿಲ್ಲ. ಹಣ್ಣು ತಿಂದು ಮರಗಳ ನಡುವೆ ಅಡಗಿದ ಆದಾಮನನ್ನು ಎಲ್ಲಿದ್ದೀಯೆಂದು ಕೇಳುತ್ತಾನೆ. ತಮ್ಮನನ್ನು ಕೊಂದು ಬಂದ ಕಾಯಿನನನ್ನು ತಮ್ಮನೆಲ್ಲಿ ಎಂದು ಕೇಳುತ್ತಾನೆ. ಕಮಲಾಪುರದ ಬಾಳೆತೋಟ ಕಾಯುವವನಿಗೇ ಯಾವ ಸಾಲಿನಲ್ಲಿ ಯಾರು ಕುಳಿತು ಹಣ್ಣು ತಿನ್ನುತ್ತಿದ್ದಾರೆಂದು ಗೊತ್ತಿರುತ್ತದೆ. ಇಡೀ ತೋಟ ನೆಟ್ಟವನಿಗೆ ಗೊತ್ತಿರುವುದಿಲ್ಲವೇ? ಇನ್ನು, ಆತ ಮಾತಾಡಿಸಿದ ಜನ ಖುಷಿಪಟ್ಟದ್ದೂ ಕಡಿಮೆ. ಮೋಶೆ ತನಗೆ ಸರಿಯಾಗಿ ಮಾತು ಬರುವುದಿಲ್ಲ, ಬೇರೆ ಯಾರನ್ನಾದರೂ ಕಳಿಸು ಅಂದ. ಯೋನ, ದೇವರು ಹೋಗೆಂದ ಊರು ಬಿಟ್ಟು, ಇನ್ನೊಂದು ದಿಕ್ಕಿನ ಹಡಗು ಹತ್ತಿದ.

ಹೀಗೆ ಓಡಿಹೋಗದೆ, ನಡುಗದೆ, ಬಂದ ಅಪ್ಪಣೆಯನ್ನೆಲ್ಲ ಕುರ್ಚಿಯಲ್ಲಿ ಕೂತೇ ಸ್ವೀಕರಿಸುವ ಒಬ್ಬ ಮನುಷ್ಯನನ್ನು ನಾನು ಬಲ್ಲೆ. ಅವನು ನನ್ನ ಹೆಂಡತಿ ಕರುಣಮ್ಮನ ತಮ್ಮ ಸುವಾರ್ತಪ್ಪ. ಕಂಪ್ಲಿಯ ಅಕ್ಕಿಗಿರಣಿಯಲ್ಲಿ ಮೇಸ್ತ್ರಿಯಾಗಿದ್ದ. ದೇವರು ಕೆಲಸ ಬಿಡು ಅಂದನಂತೆ, ಬಿಟ್ಟ. ಅಕ್ಕನ ಮನೆಯಲ್ಲಿ ಮೂರು ದಿನ ಇರು ಅಂದನಂತೆ, ಬಂದ. ಎರಡು ತಿಂಗಳಾದರೂ ಮೂರು ದಿನ ಮುಗಿಯಲಿಲ್ಲ. ದೇವರ ದೃಷ್ಟಿಗೆ ಸಾವಿರ ವರ್ಷವೂ ಒಂದು ದಿನದ ಹಾಗೆ ಎಂದು ಅವನೇ ವಿವರಿಸಿದ. ಆ ಲೆಕ್ಕದಲ್ಲಿ ನನ್ನ ನಿವೃತ್ತಿಯ ಹೊತ್ತಿಗೂ ಅವನು ಮೊದಲ ದಿನದ ಬೆಳಗಿನ ಚಹಾದಲ್ಲೇ ಇರುತ್ತಿದ್ದ.

ಇದನ್ನೂ ಸಹಿಸಿಕೊಂಡಿದ್ದೆ. ಆದರೆ ಒಂದು ಭಾನುವಾರ ಮಧ್ಯಾಹ್ನ ಊಟದ ನಡುವೆ ಸುವಾರ್ತಪ್ಪ, “ಮಾವ, ದೇವ್ರು ನನ್ನ ಕೂಡ ಮಾತಾಡಿದ್ನ್ರಿ. ನಮ್ಮ ಗ್ರೇಸಿಗೆ ಮರಿಯಮ್ಮನಹಳ್ಳಿ ಯೋಸೇಫನ್ನ ತೋರ್ಸ್ಯಾನ. ಬುಧವಾರ ಹುಡುಗಿ ನೋಡಾಕ ಬರ್ತಾನ,” ಎಂದ.

ಗ್ರೇಸಿ ನಮ್ಮ ಒಬ್ಬಳೇ ಮಗಳು, ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ನರ್ಸ್. ಯೋಸೇಫನಿಗೆ ಒಂಬತ್ತು ಲಾರಿಗಳಿವೆ. ಅವನ್ನು ನೋಡಿಕೊಳ್ಳುವ ಕೆಲಸ ತನಗೇ ಸಿಗಲಿದೆ ಎಂಬುದನ್ನು ಭಾಮೈದ ಇನ್ನೊಂದು ತುಂಡು ಮಾಂಸ ಹಾಕಿಸಿಕೊಳ್ಳುತ್ತ ತಿಳಿಸಿದ. ಯೋಸೇಫನನ್ನು ನಾನು ಬಲ್ಲೆ. ತಾನೇ ಹೆಚ್ಚು ತುಂಬಿಸಿ ಕಳಿಸಿದ್ದ ಲಾರಿ ಕಾಟಾದಲ್ಲಿ ಸಿಕ್ಕಿಬಿದ್ದಾಗ, ತನ್ನ ಅಪ್ಪನ ವಯಸ್ಸಿನ ಡ್ರೈವರಿಗೆ ನನ್ನ ಕಿಟಕಿಯ ಎದುರೇ ಕಪಾಳಕ್ಕೆ ಹೊಡೆದಿದ್ದ.

ಅದನ್ನೇ ಹೇಳಿ ಬೇಡ ಅನ್ನಬಹುದಿತ್ತು. ಆದರೆ ಕರುಣಮ್ಮ ಆಗಲೇ, “ದೇವ್ರೇ ಹೇಳಿದ ಮ್ಯಾಲೆ ಬ್ಯಾಡ ಅನ್ನಾಕ ನಾವ್ಯಾರ್ರಿ?” ಎಂದುಬಿಟ್ಟಳು. ಸುಳ್ಳು ಅನ್ನೋಣವೆಂದರೆ ಸತ್ಯವೇದದಲ್ಲಿ ಒಮ್ಮೆ ದೇವರು ಕತ್ತೆಯ ಬಾಯಿಂದಲೂ ಮಾತಾಡಿಸಿದ್ದುಂಟು. ಆದ್ದರಿಂದ ಸುವಾರ್ತಪ್ಪನನ್ನು ಪೂರ್ತಿ ತಳ್ಳಿಹಾಕುವಂತಿರಲಿಲ್ಲ. ಹೆಂಡತಿಯ ತವರಿನವರಿಗೆ ಇಲ್ಲ ಅನ್ನುವ ಧೈರ್ಯ ನನಗೆ ಮದುವೆಯಾದಾಗಿನಿಂದಲೂ ಇಲ್ಲ. ಧೈರ್ಯವಿಲ್ಲದವನಿಗೆ ಉಳಿಯುವುದು ಸುಳ್ಳು.

“ದೇವ್ರು ನನಗೂ ಹೇಳ್ಯಾನ,” ಎಂದೆ.

ಕರುಣಮ್ಮನ ಕೈಯ ಸೌಟು ನಿಂತಿತು. “ಏನಂತ್ರಿ?”

“ಈ ಸಂಬಂಧ ಬ್ಯಾಡ ಅಂತ.”

ಸುವಾರ್ತಪ್ಪ ನಿಧಾನವಾಗಿ ಅಗಿದು ನುಂಗಿದ. “ಎಲ್ಲಿ ಹೇಳಿದ್ನ್ರಿ ಮಾವ?”

“ಸಂಡೂರ್ ಬಸ್ಸಿನ್ಯಾಗ.”

“ಅಷ್ಟು ಗದ್ದಲದಾಗ ಕೇಳಿಸ್ತೇನ್ರಿ?”

“ಅದಕ್ಕ ಜೋರಾಗೇ ಹೇಳಿದ.”

“ನನಗ ಯಾವಾಗ್ಲೂ ಮೆತ್ತಗ ಹೇಳ್ತಾನ್ರಿ. ಅದು ಕಂಡಕ್ಟರ್ ಇರ್ಬೇಕು, ನೋಡ್ರಿ.”

ಹೀಗೆ ನಾವಿಬ್ಬರೂ ಯಾರಿಗೆ ಬಂದದ್ದು ನಿಜವಾದ ಅಪ್ಪಣೆ ಎಂದು ವಾದಿಸುತ್ತಿರುವಾಗ, ಬೆಳಗಿನ ಡ್ಯೂಟಿ ಮುಗಿಸಿ ಬಂದ ಗ್ರೇಸಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ.

“ಮಾವ, ದೇವ್ರು ಎಲ್ಲಾ ಬಲ್ಲಾತ ಹೌದಲ್ಲ?” ಎಂದು ಸುವಾರ್ತಪ್ಪನನ್ನು ಕೇಳಿದಳು.

“ಹೌದವ್ವ.”

“ಎಲ್ಲಾ ಬಲ್ಲಾತನೇ ಆದಾಮಗ ಎಲ್ಲಿದ್ದಿ ಅಂತ ಕೇಳಿದ. ಕೊಲೆ ಮಾಡಿದವನ್ನೂ ಮೊದ್ಲು ಕೇಳಿದ. ನಾ ಇದೇ ಮನಿಯಾಗ ಅದೀನಿ, ಎರಡು ತಿಂಗ್ಳಿಂದ ನಿಮಗ ಚಾ ಕೊಡಾಕತ್ತೀನಿ. ಆ ಹುಡುಗಗ ಬಾ ಅನ್ನೋ ಮೊದ್ಲು ನನ್ನ ಒಂದು ಮಾತು ಕೇಳ್ಬೇಕು ಅನಿಸ್ಲಿಲ್ಲ. ದೇವ್ರಿಗಿಂತ ನಿಮಗ ಹೆಚ್ಚು ಗೊತ್ತೈತೇನು?”

ನನಗೆ ಎದೆಯುಬ್ಬಿತು. “ಹಂಗ ಕೇಳವ್ವ,” ಎಂದು ಅವಳಿಗೊಂದು ತಟ್ಟೆ ಸರಿಸಿದೆ.

ಅವಳು ನನ್ನ ಕಡೆ ತಿರುಗಿದಳು. “ನೀವೂ ಕೇಳಿಲ್ಲಪ್ಪ. ಅವರ ದೇವ್ರು ಹೂಂ ಅಂದ, ನಿಮ್ಮ ದೇವ್ರು ಬ್ಯಾಡ ಅಂದ. ನಿಮ್ಮ ಜಗಳದಾಗ ನಾ ಎಲ್ಲಿದ್ದೆ?”

ಆಮೇಲೆ ಸುವಾರ್ತಪ್ಪನ ಫೋನಿನಿಂದಲೇ ಯೋಸೇಫನಿಗೆ ಕರೆ ಮಾಡಿ, ಬುಧವಾರ ಬರುವುದು ಬೇಡವೆಂದು, ಪೇಷಂಟಿಗೆ ಹೇಳುವಷ್ಟೇ ಮೆತ್ತಗೆ ಹೇಳಿ, ಊಟಕ್ಕೆ ಕೂತಳು. ಸುವಾರ್ತಪ್ಪ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ. ಮೂರನೆಯ ದಿನ, ಕಂಪ್ಲಿಗೆ ಹಿಂತಿರುಗಿ ಗಿರಣಿ ಮಾಲಕರ ಕಾಲು ಹಿಡಿಯಬೇಕೆಂದು ದೇವರು ಹೇಳಿದನೆಂದ. ಅವನಿಗೆ ಬಂದ ಅಪ್ಪಣೆಗಳಲ್ಲಿ ಇದೊಂದನ್ನು ನಾನು ಮನಃಪೂರ್ವಕವಾಗಿ ನಂಬಿ, ಬಸ್‌ಸ್ಟ್ಯಾಂಡಿನತನಕ ಅವನ ಚೀಲ ಹೊತ್ತೆ.

ವಾಪಸು ಬಂದಾಗ ಕರುಣಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ, “ಬಸ್ಸಿನ್ಯಾಗ ದೇವ್ರು ಖರೇನೇ ಹೇಳಿದ್ನೇನ್ರಿ?” ಎಂದಳು.

“ಇಲ್ಲ,” ಎಂದೆ.

“ನನಗ ಗೊತ್ತಿತ್ತು.”

“ಗೊತ್ತಿದ್ದು ಯಾಕ ಕೇಳಿದಿ?”

“ನೀವು ಹೇಳ್ತೀರೋ ಇಲ್ಲೋ ನೋಡಾಕ.”

ವರ್ಷಗಟ್ಟಲೆ ಬಸ್ಸಿನಲ್ಲಿ ಓದಿ ನನಗೆ ಹತ್ತದ ಅರ್ಥವನ್ನು ಆಕೆ ಮೊರದಲ್ಲಿ ಕಲ್ಲು ಹುಡುಕುತ್ತ ಹೇಳಿದ್ದಳು. ನಾನು ಒಳ್ಳೆಯ ತಂದೆಯಾಗಲು ಅಂದೇ ನಿರ್ಧರಿಸಿದೆ. ಸಂಜೆ ಗ್ರೇಸಿಯನ್ನು ಕರೆದು, “ನಿನಗ ಏನು ಬೇಕು, ಹೇಳವ್ವ,” ಎಂದು ಗಂಭೀರವಾಗಿ ಕೇಳಿದೆ. ಅವಳು ಕುರ್ಚಿ ಎಳೆದುಕೊಂಡು ಕೂತಳು. ಬಳ್ಳಾರಿಗೆ ಹೋಗಿ ಮುಂದೆ ಓದಬೇಕು ಎಂದಳು. ಒಳ್ಳೆಯದು ಎಂದೆ. ಡ್ಯೂಟಿ ಮುಗಿಯುವ ಹೊತ್ತಿಗೆ ಆಸ್ಪತ್ರೆ ಗೇಟಿನ ಮುಂದೆ ಬಂದು ನಿಲ್ಲಬಾರದು ಎಂದಳು. ಅವಳ ಫೋನು ಬಂದರೆ ಯಾರದೆಂದು ಕೇಳಬಾರದು. ಸಭೆಯಲ್ಲಿ ಅವಳ ಗುಣಗಾನ ಮಾಡಬಾರದು. ನಾನು ಒಂದೊಂದಕ್ಕೂ ಸಮಜಾಯಿಷಿ ಕೊಡಲು ಬಾಯಿ ತೆರೆದೆ.

“ಕೇಳಿದ್ರಿ ಅಲ್ಲಪ್ಪ, ಈಗ ಸುಮ್ಕ ಕುಂದರ್ರಿ,” ಎಂದಳು.

ಕೂತೆ. ಪಟ್ಟಿ ಇನ್ನೂ ಅರ್ಧಕ್ಕೆ ಬಂದಿರಲಿಲ್ಲ, ಅಷ್ಟರಲ್ಲಿ ಒಳಗಿನಿಂದ ಕರುಣಮ್ಮ ಕೈ ಒರೆಸಿಕೊಳ್ಳುತ್ತ ಬಂದು, “ನನ್ನವೂ ಒಂದೆರಡು ಅದಾವ,” ಎಂದು ಮಗಳ ಪಕ್ಕದಲ್ಲಿ ಕೂತಳು. ಆಕೆಯನ್ನು ನಾನು ಏನೂ ಕೇಳಿರಲಿಲ್ಲ.