ಮುಟ್ಟು ನಿಂತ ಮೇಲೆ ನಮ್ಮ ದೊಡ್ಡಮ್ಮ

ನನ್ನದು ಮಾತು ಕಡಿಮೆ. ಅದಕ್ಕೇ ಇರಬೇಕು, ಮನೆಯ ಹೆಂಗಸರು ಡಾಕ್ಟರ ಹತ್ತಿರ ಹೋಗುವಾಗೆಲ್ಲ ನನ್ನನ್ನೇ ಜೊತೆಗೆ ಕರೆಯುತ್ತಾರೆ. ಕಂಡದ್ದನ್ನು ಯಾರಿಗೂ ಹೇಳುವವಳಲ್ಲ ಎಂಬ ನಂಬಿಕೆ. ಹಾಗಾಗಿ ಇಂಥ ಪ್ರಸಂಗಗಳೆಲ್ಲ ನನ್ನ ಕಣ್ಣೆದುರೇ ನಡೆಯುತ್ತವೆ. ಇವು ಭೀಮನಬೀಡಿನ ನಮ್ಮ ದೊಡ್ಡಮ್ಮನವು. ಅವಳಿಗೆ ಮುಟ್ಟು ನಿಂತು ಆರು ವರ್ಷ. ಬರೆಯಲಾ ಎಂದು ಕೇಳಿದ್ದಕ್ಕೆ, "ಬರಿ, ಎಸ್ರು ಮಾತ್ರ ಆಕ್ಬೇಡ" ಅಂದಳು. ಅವಳ ಬಾಯಲ್ಲಿ 'ಹ' ಉಳಿಯುವುದಿಲ್ಲ, ಹೆಸರು ಎಸ್ರಾಗುತ್ತದೆ.

ಬಸ್ಸಿನ ಕಿಟಕಿ

ಚಳಿಗಾಲದ ಬೆಳಿಗ್ಗೆ, ಗುಂಡ್ಲುಪೇಟೆ ಬಸ್ಸು. ಎಲ್ಲರೂ ಕಿವಿಗೆ ಟವೆಲ್ ಸುತ್ತಿಕೊಂಡು ಕೂತಿದ್ದರು. ದೊಡ್ಡಮ್ಮನಿಗೆ ಇದ್ದಕ್ಕಿದ್ದಂತೆ ಮೈಯೆಲ್ಲ ಉರಿ ಎದ್ದು, ಕಿಟಕಿ ಸರಿಸಿದಳು. ಹಿಂದಿನ ಸೀಟಿನ ಯಜಮಾನರು "ಮುಚ್ಚವ್ವ, ಚಳಿ" ಅಂದರು. ಮುಚ್ಚಿದಳು. ಎರಡು ನಿಮಿಷಕ್ಕೆ ಮತ್ತೆ ತೆಗೆದಳು. ಮೂರನೇ ಸಲ ಅವರು, "ಏನವ್ವ ನಿಂದು?" ಎಂದಾಗ ನಾನು ನೆಲ ನೋಡಿದೆ.

"ನಿಮ್ಮನೇಲೂ ಐವತ್ತು ದಾಟಿದೋರು ಇರ್ಬೇಕಲ್ಲ, ಓಗಿ ಕೇಳಿ" ಅಂದಳು ದೊಡ್ಡಮ್ಮ.

ಅವರು ಎದ್ದು ಬಂದು ತಾವೇ ಕಿಟಕಿಯನ್ನು ಪೂರ್ತಿ ತೆಗೆದರು. "ಮನೇಲಿ ದಿನಾ ಫ್ಯಾನು ಕಣವ್ವ. ಬಸ್ಸಲ್ಲಾದ್ರೂ ಬೆಚ್ಚಗೆ ಕೂರನ ಅಂತ ಬಂದೆ."

ಕ್ಯಾಲ್ಸಿಯಂ ಮಾತ್ರೆ

ಮೂಳೆಗೆ ಬಲ ಬರಲಿ ಎಂದು ಡಾಕ್ಟರಮ್ಮ ದಿನಕ್ಕೊಂದು ಮಾತ್ರೆ ಕೊಟ್ಟಿದ್ದರು. ತಿಂಗಳಿಗಾಗುವಷ್ಟು ಹದಿನೈದು ದಿನಕ್ಕೇ ಖಾಲಿ.

"ದೊಡ್ಡಮ್ಮ, ಎರಡೆರಡು ನುಂಗಿದ್ಯಾ?"

"ಇಲ್ಲ ಕಣಮ್ಮಿ. ನಂಗೊಂದು, ಅಸೂಗೊಂದು. ಎತ್ತು ಆಲು ಕುಡಿಸಿದೋರ ಮೂಳೆ ಸವೀತದೆ ಅಂತ ಅವ್ರೇ ಅಂದ್ರಲ್ಲ. ನಾ ಎತ್ತಿದ್ದು ಎರಡು, ಅದು ಆರು."

ಹಸುವಿನ ಸಂಗತಿ ಕೇಳಿದ ಡಾಕ್ಟರಮ್ಮ ಹೊಸ ಚೀಟಿ ಬರೆಯುತ್ತ, "ಸರಿ, ಯಾರಿಗೆ ಗುಣ ಕಾಣಿಸ್ತು?" ಎಂದರು.

ದೊಡ್ಡಮ್ಮ ಪ್ರಾಮಾಣಿಕವಾಗಿ "ಅಸೂಗೆ" ಅಂದಳು.

ಉಪ್ಪಿನಕಾಯಿ ಭರಣಿ

ಒಂದು ದಿನ ಊಟದ ಹೊತ್ತಿಗೆ ದೊಡ್ಡಮ್ಮ, "ಉಪ್ಪಿನಕಾಯಿ ನೀನೇ ತಕ್ಕೊ" ಎಂದು ದೂರ ನಿಂತಳು. ಮುಟ್ಟಾದವರು ಮುಟ್ಟಿದರೆ ಭರಣಿಯೇ ಕೆಡುತ್ತದೆ ಎಂದು ನಂಬಿದ ಮನೆ ಅದು. ದೇವರ ಕೋಣೆಗೂ ಅವಳು ಹೋಗಿರಲಿಲ್ಲ. ಗುಟ್ಟಾಗಿ ಕೇಳಿದರೆ ಅವಳಿಗೆ ಒಳಗೊಳಗೇ ಹೆಮ್ಮೆ. "ಮತ್ತೆ ಸುರುವಾಯ್ತು ಕಣಮ್ಮಿ. ಮಾತ್ರೆ ಕೆಲಸ ಮಾಡ್ಬುಡ್ತು."

ನಿಂತು ವರ್ಷಗಳಾದ ಮೇಲೆ ಒಂದು ಹನಿ ಕಂಡರೂ ತೋರಿಸಬೇಕೆಂದು ನಾನು ಓದಿದ್ದೆ. ಎಳೆದುಕೊಂಡೇ ಹೋದೆ.

"ಏನು ತೊಂದರೆ?" ಎಂದರು ಡಾಕ್ಟರಮ್ಮ. ದೊಡ್ಡಮ್ಮನಿಗೆ ಕನ್ನಡದಲ್ಲಿ ಹೇಳಲು ನಾಚಿಕೆ. ಇಂಗ್ಲಿಷ್ ಮೀಡಿಯಮ್ಮಿನ ನನಗೆ ಇಂಗ್ಲಿಷಿನಲ್ಲೂ ನಾಚಿಕೆ. ಇಬ್ಬರೂ ಗೋಡೆಯ ಮೇಲಿದ್ದ ಮಗುವಿನ ಚಿತ್ರ ನೋಡುತ್ತ ಕೂತೆವು. ಕೊನೆಗೆ ದೊಡ್ಡಮ್ಮನೇ ಬಾಯಿ ಬಿಟ್ಟಳು.

"ನಾನು ಉಪ್ಪಿನಕಾಯಿ ಮುಟ್ತಿಲ್ಲ ಡಾಕ್ಟ್ರೇ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಎಷ್ಟು ದಿನದಿಂದ?"

ರಿಪೋರ್ಟು

ಚಾಮರಾಜನಗರದಲ್ಲಿ ಸ್ಕ್ಯಾನ್ ಆಯಿತು. ಗರ್ಭಕೋಶದೊಳಗಿನ ಸಣ್ಣ ಗಂಟೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದರು. "ಕ್ಯಾನ್ಸರ್ ಇರಲಾರದು, ಆದರೂ ನೋಡಿಬಿಡೋಣ" ಎಂದರು ಅಲ್ಲಿನ ಡಾಕ್ಟರು. ದೊಡ್ಡಮ್ಮನ ಕಿವಿಗೆ ಬಿದ್ದದ್ದು ಮೊದಲ ಪದ ಮಾತ್ರ.

ಮನೆಗೆ ಬಂದವಳೇ ಟ್ರಂಕು ತೆಗೆದಳು. ರೇಷ್ಮೆ ಸೀರೆಗಳನ್ನು ಒಂದೊಂದಾಗಿ ಹಂಚಿದಳು. ಸೊಸೆಗೆ ಕೆಂಪಿನದು, ತೆರಕಣಾಂಬಿಯ ನಾದಿನಿಗೆ ಎರಡು, ನನಗೆ ಎಲೆಹಸಿರಿನದು. "ಇನ್ನು ನಂಗ್ಯಾಕೆ? ನೀವು ಉಟ್ಕಳಿ, ನಾನು ಕಣ್ತುಂಬ ನೋಡ್ತೀನಿ." ಎಲ್ಲರೂ ಅತ್ತೆವು. ನಾನಂತೂ ಸೀರೆಗೆ ಕಣ್ಣೀರು ತಾಗದಂತೆ ದೂರ ಹಿಡಿದುಕೊಂಡು ಅತ್ತೆ.

ಆ ವಾರವಿಡೀ ಅವಳು ಸರಿಯಾಗಿ ಉಣ್ಣಲಿಲ್ಲ. ರಿಪೋರ್ಟಿನ ದಿನ ಅವಳಿಗೆ ಸಂತೋಷವಾಗಲಿ ಎಂದು ಎಲೆಹಸಿರು ಸೀರೆಯನ್ನೇ ಉಟ್ಟು ಹೋದೆ. ಡಾಕ್ಟರು ಕಾಗದವನ್ನು ಎರಡು ಸಲ ಓದಿ, "ಕೆಟ್ಟದ್ದೇನೂ ಇಲ್ಲಮ್ಮ" ಅಂದರು. ದೊಡ್ಡಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದಳು. ನಾನು ಅವಳ ಬೆನ್ನು ಸವರುತ್ತಿದ್ದೆ. ಆಮೇಲೆ ಮುಖ ಒರೆಸಿಕೊಂಡು, ನನ್ನನ್ನು ಮೇಲಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

ಹೊರಗೆ ಬಂದು ಹೋಟೆಲಿನಲ್ಲಿ ಕೂತೆವು. ಇಡ್ಲಿ ಬಂತು. ನಾನು ಸಾಂಬಾರಿಗೆ ಕೈ ಚಾಚಿದೆ.

"ಸಾಂಬಾರು ಬ್ಯಾಡ. ಚಟ್ನೀಲೇ ತಿನ್ನು."

"ಯಾಕೆ ದೊಡ್ಡಮ್ಮ?"

"ನನ್ ಸೀರೆ ಕಣಮ್ಮಿ ಅದು. ಬೇಗ ತಿನ್ನು, ತೆರಕಣಾಂಬೀಲಿ ಇನ್ನೂ ಎರಡವೆ. ಇಸ್ಕಂಡೇ ಓಗನ."